ಸಹಿಗೆ ಮೊದಲು ತುಂಬಿದ ಉಡಿ

ಮೋಟೆಬೆನ್ನೂರಿನ ಹೊಲವನ್ನು ಅಪ್ಪ ಸಾಯುವ ಮೊದಲು ನನ್ನ ಹೆಸರಿಗೆ ಬರೆದಿದ್ದರು. ಪಕ್ಕದ ಹೆದ್ದಾರಿ ಅಗಲವಾಗತೊಡಗಿದ ವರ್ಷ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ಅಣ್ಣ ಹಾವೇರಿಯ ನನ್ನ ಗಂಡನ ಮನೆಗೆ ಫೋನ್ ಮಾಡಿದ.

"ಹೊಲದ ಕಾಗದಕ್ಕ ಪ್ರತಿ ಸಲ ನೀ ಯಾಕ ಕಚೇರಿಗೆ ಅಡ್ಡಾಡ್ತಿ? ನಿನ್ನ ಬದಲಿ ನಾನ ಸಹಿ ಮಾಡಾಕ ಒಂದು ಮುಖತ್ಯಾರ ಪತ್ರ ಕೊಡು. ಹೊಲ ನಿಂದ, ಓಡಾಟ ನಂದು."

ಮಾತು ಸರಿಯಾಗಿಯೇ ಇತ್ತು. ಬ್ಯಾಡಗಿಯ ತವರಿಗೆ ಹೋದೆ. ಮೆಣಸಿನಕಾಯಿ ಘಾಟಿಗೆ ಓಣಿಯಲ್ಲೇ ಕೆಮ್ಮು ಬಂತು. ಪಡಸಾಲೆಯಲ್ಲಿ ಅಣ್ಣ, ಪತ್ರ ಬರೆಯುವವರು, ಇಬ್ಬರು ಸಾಕ್ಷಿದಾರರು ಆಗಲೇ ಚಹಾ ಮುಗಿಸಿ ಕುಳಿತಿದ್ದರು. ಖಾಲಿ ಕಪ್ಪು-ಬಶಿಗಳಿಗೆ ಇರುವೆ ಹತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹೊರಗೆ ಬರಲಿಲ್ಲ.

ಸಹಿಗೆ ಮೊದಲು ಅಣ್ಣನ ಹೆಂಡತಿ, ವೈನಿ, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು ತಂದರು. ಮಣೆಯ ಮೇಲೆ ರೇಷ್ಮೆ ಸೀರೆ. "ಸೆರಗು ಹಿಡೀರಿ, ಉಡಿ ತುಂಬ್ತೇನಿ."

"ಇವತ್ಯಾಕ್ರಿ ವೈನಿ? ಹಬ್ಬ ಇಲ್ಲ, ಏನಿಲ್ಲ."

"ಕಾನ್ವೆಂಟ್ ಕಲ್ತಾಕಿಗೆ ಎಲ್ಲಾಕೂ ಕಾರಣ ಬೇಕು ನೋಡ್ರಿ!" ಎಂದು ಅಣ್ಣ ನಕ್ಕ. ಸಾಕ್ಷಿದಾರರೂ ನಕ್ಕರು.

ಅಕ್ಕಿ ಉಡಿಗೆ ಬೀಳುವಾಗ ಸೋದರತ್ತೆ ನೆನಪಾದರು. ಹೊಲದ ಹಕ್ಕು ಬಿಟ್ಟುಕೊಡುವ ಹೆಣ್ಣುಮಗಳಿಗೆ ನಮ್ಮಲ್ಲಿ ಉಡಿ ತುಂಬಿ, ಸೀರೆ ಕೊಟ್ಟು ಕಳಿಸುತ್ತಾರೆ. ಇದೇ ಪಡಸಾಲೆಯಲ್ಲಿ ಅವ್ವ ಅವರಿಗೆ ತುಂಬಿದ್ದಳು. ಆಮೇಲೆ ಅತ್ತೆ ಈ ಹೊಸ್ತಿಲು ತುಳಿಯಲಿಲ್ಲ.

"ಇದರೊಳಗ ಮಾರೋ ಅಧಿಕಾರನೂ ಐತೇನ್ರಿ?" ಪತ್ರ ಬರೆದವರನ್ನು ಕೇಳಿದೆ.

ಅವರು ಅಣ್ಣನ ಮುಖ ನೋಡಿದರು. "ಎಲ್ಲಾ ಅಧಿಕಾರನೂ ಬರದೀನ್ರಿ ಅಕ್ಕಾರ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ತುಂಬಿದ ಉಡಿಯನ್ನು ನಡುವೆ ಬಿಚ್ಚಬಾರದು. ಗಂಡನ ಮನೆಯ ದೇವರ ಮುಂದೆಯೇ ಇಳಿಸಬೇಕು. ಸೆರಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಎದ್ದೆ. "ಮೊದಲಿಗೆ ಉಡಿ ಹಾವೇರಿಗೆ ಮುಟ್ಟಿಸ್ತೇನಿ ಅಣ್ಣಾ, ಸಹಿ ಆಮ್ಯಾಲ." ವೈನಿ ಮೊರ ಎತ್ತಿಕೊಂಡು ದಾರಿ ಬಿಟ್ಟರು.

ಬಸ್ಸು ಹೊರಡುವಾಗ ಕಿಟಕಿಗೆ ಅಣ್ಣನ ಮುಖ ಬಂತು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಸೀರೆಯನ್ನು ಒಳಗೆ ತೂರಿಸಿದ.

"ಮರತು ಬಂದಿ ನೋಡು. ಸೋಮವಾರ ಉಟ್ಕೊಂಡು ಕುಂದ್ರು. ಪತ್ರ ಬರೆಯೋರು, ಸಾಕ್ಷಿದಾರರು, ಎಲ್ಲಾರನೂ ಕರ್ಕೊಂಡು ನಿನ್ನ ಮನೀಗೇ ಬರ್ತೇನಿ. ನಿಮ್ಮ ಮನಿಯವರಿಗೆ ಹೇಳೇನಿ, ಹೂಂ ಅಂದಾರ."

ಮೋಟೆಬೆನ್ನೂರಿನಲ್ಲಿ ಬಸ್ಸು ನಿಧಾನವಾಯಿತು. ನನ್ನ ಹೊಲದ ತುಂಬ, ಸೈಟಿಗೆ ನೆಡುವ ಹಾಗೆ, ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು.