ಗುರ್ಕಾರರು ಹೊತ್ತು ತಂದ ಪಾತ್ರೆ

ಪಡೀಲಿನ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಚರ್ಚಿನ ಪರವಾಗಿ ವಾರ್ಡಿನ ಕ್ರಿಸ್ತುವರ ಕಷ್ಟಸುಖ ವಿಚಾರಿಸುವ ಗುರ್ಕಾರರು ಅವರು. ನಮ್ಮಂಥ ಹಿಂದೂ ಮನೆಗಳಿಗೂ ಗುರ್ಕಾರರೇ. ಗೇಟಿನ ಚಿಲಕ ತೆಗೆಯುವ ಮೊದಲೇ "ಗಂಜಿ ಆಯ್ತಾ?" ಎನ್ನುತ್ತಿದ್ದರು. ಇಲ್ಲವೆಂದರೆ, "ಮೊದ್ಲು ಉಣ್ಣಿ, ಮತ್ತೆ ಬರ್ತೇನೆ" ಎಂದು ಹೊರಟೇಬಿಡುವರು.

ಒಂದು ಮಳೆಗಾಲ ತೋಡು ಉಕ್ಕಿ ಓಣಿಗೆ ನೀರು ನುಗ್ಗಿದಾಗ ಚರ್ಚಿನ ಹಾಲ್ ತೆರೆಸಿದವರು ಅವರೇ. ನಮ್ಮನ್ನೆಲ್ಲ ಅಲ್ಲಿಗೆ ದಾಟಿಸಿದವರು ಮತ್ತೆ ಎದೆಮಟ್ಟದ ನೀರಿಗೆ ಇಳಿದರು. ತಿರುಗಿ ಬಂದಾಗ ತಲೆಯ ಮೇಲೊಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ.

ಅಮ್ಮ ರೇಗಿದರು. "ಎಂತ ಗುರ್ಕಾರ್ರೇ, ಇಲ್ಲಿ ಬೇಕಾದಷ್ಟು ಪಾತ್ರೆ ಉಂಟಲ್ಲ! ಜೀವ ಹೋಗಿದ್ರೆ?"

"ಇಲ್ಲಿಯ ಪಾತ್ರೆಗಳಲ್ಲೆಲ್ಲ ನಾವು ಮದುವೆಗೆ ಹಂದಿ ಬೇಯಿಸ್ತೇವೆ ಅಕ್ಕ. ಉಮ್ಮ ಹೇಗೆ ಉಣ್ಣುದು?"

ಉಮ್ಮ ಎಂದರೆ ನಮ್ಮ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಅಜ್ಜಿ. ಅವರು ಬೆಳಗ್ಗಿನಿಂದ ಏನೂ ಮುಟ್ಟದೆ ಮೂಲೆಯಲ್ಲಿ ಕುಳಿತಿದ್ದರು. ಯಾರೂ ಗಮನಿಸಿರಲಿಲ್ಲ. ಗುರ್ಕಾರರು ಪಾತ್ರೆಯನ್ನು ಅವರ ಮುಂದಿಟ್ಟರು.

"ನಿಮ್ಮದೇ ಪಾತ್ರೆ, ಉಮ್ಮ. ಗಂಜಿ ನೀವೇ ಬೇಯಿಸಿ. ನಾವೂ ಅದನ್ನೇ ಉಣ್ತೇವೆ."

ಉಮ್ಮ ತಲೆವಸ್ತ್ರ ಬಿಗಿದು ಎದ್ದರು. ಅಂದು ಹಾಲ್‌ನಲ್ಲಿದ್ದವರೆಲ್ಲ ಅವರ ಕೈಯ ಗಂಜಿಯನ್ನೇ ಉಂಡರು.

ನೀರಿಳಿದ ಮೇಲೆ ಉಮ್ಮ ಪಾತ್ರೆಯನ್ನು ಒಯ್ಯಲಿಲ್ಲ. "ಇಲ್ಲೇ ಇರ್ಲಿ" ಎಂದರು.

ಈಗ ಗುರ್ಕಾರರಿಲ್ಲ, ಉಮ್ಮನೂ ಇಲ್ಲ. ಚರ್ಚಿನ ಅಡುಗೆಮನೆಯ ಅಟ್ಟದಲ್ಲಿ ಆ ಪಾತ್ರೆ ಬೇರೆಯಾಗಿ ಕವುಚಿಕೊಂಡಿದೆ. ಯಾವ ಮದುವೆಗೂ ಅದನ್ನು ಮುಟ್ಟುವುದಿಲ್ಲ. ಈ ಸಲ ತೋಡು ತುಂಬಿ ಹಾಲ್‌ನ ಬಾಗಿಲು ತೆರೆದಾಗ, ಹೊಸ ಗುರ್ಕಾರರು ಏಣಿ ಹತ್ತಿ ಮೊದಲು ಇಳಿಸಿದ್ದು ಅದನ್ನೇ.