ನಲವತ್ತೇಳನೇ ನಂಬರಿನ ಮಗ್ಗ

ಆ ಸೋಮವಾರ ಬಾಗಿಲು ಬಡಿದಾಗ ಎಂಕಮ್ಮ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಗಂಡ ಮಾರ್ಕಂಡೇಯ ಪಕ್ಕದ ಮಣೆಯ ಮೇಲೆ ಕೂತು ಎಡಗೈಯಲ್ಲಿ ಅಂಚಿನ ಲಾಳಿ ಕೊಡುತ್ತಿದ್ದ. ಇಬ್ಬರೂ ಮುಖ ಮುಖ ನೋಡಿದರು.

"ಏಳು, ಏಳು ಬೇಗ," ಅಂದ ಅವನು.

ಅವಳು ಮೇಲೆ ಬಂದಳು. ಅವನು ಏದುಸಿರು ಬಿಡುತ್ತ ಕುಣಿಗೆ ಇಳಿದ. ಆಮೇಲೆ ಅವಳು ಅಗಳಿ ತೆಗೆದಳು. ನಾಲ್ಕು ವರ್ಷದಿಂದ ಇದೇ ಆಟ.

ಗದ್ವಾಲದ ಸೀರೆಗೆ ಮೈ ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೇ ಒಂದು ಮಗ್ಗಕ್ಕೆ ಇಬ್ಬರು ಬೇಕು, ಕುಣಿಯಲ್ಲಿ ಒಬ್ಬರು, ಪಕ್ಕದಲ್ಲಿ ಒಬ್ಬರು. ಆದರೆ ಓಣಿಯ ನೇಕಾರರ ಸಂಘದ ಪುಸ್ತಕದಲ್ಲಿ ಮಗ್ಗಕ್ಕೆ ಒಂದೇ ಹೆಸರು. ಕುಣಿಯಲ್ಲಿ ಕೂತವನೇ ನೇಕಾರ. ಅವನಿಗೆ ನಂಬರು. ನಂಬರಿದ್ದರೆ ಸಂಘದ ನೂಲು, ನಂಬರಿದ್ದರೆ ಸಂಘದ ಓಟು. ನಂಬರಿದ್ದವನು ತಾನೇ ನೇಯದಿದ್ದರೆ ಅದು ರದ್ದು. ರದ್ದಾದದ್ದು ಮನೆಯವರಿಗೂ ಸಿಗುವುದಿಲ್ಲ. ಹೊಸ ನಂಬರು ಕೊಡುವುದನ್ನು ಸಂಘ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು.

ಮಾರ್ಕಂಡೇಯನದು ನಲವತ್ತೇಳು. ನಾಲ್ಕು ವರ್ಷದ ಹಿಂದೆ ಅವನ ಬಲಗೈ ಸೋತಿತು. ಅವತ್ತಿನಿಂದ ಎಂಕಮ್ಮ ಬಾಗಿಲಿಗೆ ಅಗಳಿ ಹಾಕಿ ಕುಣಿಗೆ ಇಳಿದಳು. ಮಕ್ತಲದ ತವರಿನಲ್ಲಿ ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಮಗ್ಗದ ಪಕ್ಕ ಕೂತವಳು, ಹದಿನಾರಕ್ಕೆ ಗಂಡನ ಮಗ್ಗದ ಪಕ್ಕ ಬಂದು ಕೂತಿದ್ದಳು. ನೋಡಿ ನೋಡಿಯೇ ಕೆಲಸ ಬಂದಿತ್ತು.

ಬಂದವನು ಅಂಜನಕುಮಾರ್, ಸಂಘದ ಅಧ್ಯಕ್ಷ.

"ಕಾಕಾ, ಇಲೆಕ್ಷನ್ ಬಂತ್ರಿ. ನನ್ನ ಮರೀಬ್ಯಾಡ್ರಿ."

"ಮರೀಬೇಕಂದ್ರೂ ನೀ ಬಿಡಬೇಕಲ್ಲೋ," ಅಂದ ಮಾರ್ಕಂಡೇಯ.

"ಕೈ ಹೆಂಗೈತ್ರಿ?"

"ಜೋಮು ಹಿಡೀತೈತಿ, ಅಷ್ಟ. ಕೆಲಸಕ್ಕೇನ್ ಅಡ್ಡಿ ಇಲ್ಲ."

ಅಂಜನಕುಮಾರ್ ಬಗ್ಗಿ ನೇಯ್ದ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಎಡ ಅಂಚಿನ ಹತ್ತಿರ ಬೆರಳು ನಿಂತಿತು. ಎಂಕಮ್ಮ ಅದನ್ನೇ ನೋಡುತ್ತಿದ್ದಳು. ಅವನು ಬೆರಳು ತೆಗೆದು ಎದ್ದು ಹೋದ.

"ಏನೋ ವಾಸನಿ ಹಿಡದಾನ್ರೀ ಅಂವ," ಅಂದಳು.

"ನಿನಗ ಗ್ವಾಡಿ ಕಂಡ್ರೂ ಸಂಶಯ. ಎತ್ತು ನನ್ನ, ಕಾಲು ಸೇದಾಕ ಹತ್ಯಾವು."

ರಟ್ಟೆ ಹಿಡಿದು ಎತ್ತಿದಳು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಉಪ್ಪು ಜಾಸ್ತಿ ಅಂದ. ಅಧ್ಯಕ್ಷರ ಮನಿಗೆ ಹೋಗಿ ಉಣ್ರಿ ಅಂದಳು. ನಕ್ಕ. ಸಂಜೆತನಕ ನೇಯ್ದರು.

ಮರುದಿನ ನಸುಕಿನಲ್ಲಿ ಎಬ್ಬಿಸಿದರೆ ಏಳಲಿಲ್ಲ. ಮೈ ತಣ್ಣಗಿತ್ತು. ಅಷ್ಟೇ.

ತಿಥಿಯ ದಿನಗಳು ಮುಗಿದ ಮೇಲೆ ಮಗಳು ವಾಣಿಶ್ರೀ ನಾರಾಯಣಪೇಟೆಗೆ ಬಂದುಬಿಡು ಅಂದಳು. ಪಕ್ಕದಲ್ಲೇ ಇದ್ದ ಅಳಿಯ ಎದ್ದು ಹೊರಗೆ ಹೋದ. ಎಂಕಮ್ಮ ಬರುವುದಿಲ್ಲ ಅಂದಳು.

ಅದೇ ವಾರ ಸಂಘದಿಂದ ಚೀಟಿ ಬಂತು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಸತ್ತ ನೇಕಾರನ ನಂಬರು ಹೆಂಡತಿಗೆ ಬೇಕಾದರೆ ಅರವತ್ತು ದಿನದೊಳಗೆ, ಸಂಘದ ಇಬ್ಬರು ಡೈರೆಕ್ಟರರ ಎದುರು, ಅವಳೇ ಒಂದು ಮೊಳ ನೇಯ್ದು ತೋರಿಸಬೇಕು. ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಹೆಸರು ಹೋದರೆ ನೂಲಿಲ್ಲ, ನೂಲಿಲ್ಲದಿದ್ದರೆ ಮಗ್ಗವಿಲ್ಲ. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ.

ನೇಯುವುದು ಕಷ್ಟವಲ್ಲ. ಪಕ್ಕದಲ್ಲಿ ಯಾರನ್ನು ಕೂಡಿಸಿಕೊಳ್ಳುವುದು? ಪಕ್ಕದವರು ಒಂದು ಕೊಂಡಿ ಸಡಿಲ ಬಿಟ್ಟರೆ ಅಂಚು ಬಾಯಿ ಬಿಡುತ್ತದೆ. ತಪ್ಪು ಮಾತ್ರ ಕುಣಿಯಲ್ಲಿ ಕೂತವರ ತಲೆಗೆ.

ಅಂಜನಕುಮಾರ್ ಮತ್ತೆ ಬಂದ. "ಚಿಗವ್ವಾ, ನೇಯೋದೇನ್ ಬ್ಯಾಡ್ರಿ. ನೋಡೀವಿ, ಪಾಸ್ ಅಂತ ನಾ ಬರೀತೀನಿ. ಓಟಿನ ದಿನ ಮಾತ್ರ ನೆನಪಿಡ್ರಿ."

"ನೇಯಲಾರದ ನೇಯ್ದಾಳ ಅಂತ ಬರದರ, ನಾಳೆ ನೇಯ್ದಿಲ್ಲ ಅಂತನೂ ನೀನ ಬರೀಬಹುದಲ್ಲಪ್ಪಾ."

"ಅಯ್ಯ, ನಂಬಿಕಿ ಇಲ್ಲೇನ್ರಿ?"

"ಇಲ್ಲ," ಅಂದಳು ಎಂಕಮ್ಮ.

ಅವನು ಹೋದ ಗಳಿಗೆಗೆ ಗೋಡೆಯಾಚೆಯ ಹನುಮಮ್ಮ ಬಂದಳು. ಅವಳ ಮನೆಯ ಮಗ್ಗ ಬಿಚ್ಚಿ ಅಟ್ಟ ಸೇರಿ ವರ್ಷವಾಗಿತ್ತು.

"ಅಕ್ಕಾ, ನಾ ಕುಂದ್ರತೀನಿ ಬಾಜೂಕ."

ಹನುಮಮ್ಮನ ಅಣ್ಣ ನರೇಂದ್ರನೇ ಅಂಜನಕುಮಾರನ ಎದುರು ಚುನಾವಣೆಗೆ ನಿಂತವನು. ಎಂಕಮ್ಮ ಅವಳ ಮುಖ ನೋಡಿದಳು. ಇವಳಿಗೂ ಓಟೇ ಬೇಕು. ಇಲ್ಲವಾದರೆ ಇನ್ನೂ ಕೆಟ್ಟದ್ದು. ಕೊಂಡಿ ಬಿಟ್ಟು ಕೆಡಿಸಿ, ಅಧ್ಯಕ್ಷ ವಿಧವೆಯ ನಂಬರು ಕಿತ್ತ ಅಂತ ಓಣಿ ತುಂಬಾ ಸಾರಬಹುದು.

"ಯಾಕ ಕುಂದ್ರತಿ?"

"ಕುಂದ್ರಾಕ ಕಾರಣ ಬೇಕೇನ್ ಬೇ? ನಿಂತ್ರ ಕಾಲು ನೋಯ್ತಾವು."

ಬೇರೆ ನಾಲ್ಕು ಮನೆ ಕೇಳಿದಳು. ಒಬ್ಬಳಿಗೆ ಮೈಯಲ್ಲಿ ಹುಷಾರಿಲ್ಲ, ಒಬ್ಬಳಿಗೆ ಗಂಡ ಬೈತಾನೆ, ಇನ್ನಿಬ್ಬರು ಚುನಾವಣೆ ಮುಗೀಲಿ ಅಂದರು. ಹನುಮಮ್ಮನೇ ಗತಿಯಾದಳು.

ಪರೀಕ್ಷೆಯ ದಿನ ಅಂಜನಕುಮಾರನೂ ಇನ್ನೊಬ್ಬ ಡೈರೆಕ್ಟರೂ ಬಂದು ಚಾಪೆ ಮೇಲೆ ಕೂತರು. ಬಾಗಿಲ ತುಂಬಾ ಓಣಿಯ ಜನ. ಎಂಕಮ್ಮ ಎಲ್ಲರ ಎದುರು ಕುಣಿಗೆ ಇಳಿದದ್ದು ಅವತ್ತೇ ಮೊದಲು. ಹತ್ತು ಎಳೆ ಹೋಗುವವರೆಗೆ ಅವಳ ಕಣ್ಣು ಹನುಮಮ್ಮನ ಬೆರಳ ಮೇಲೇ ಇತ್ತು. ಕೊಂಡಿ ಒಂದೂ ತಪ್ಪಲಿಲ್ಲ. ಆಮೇಲೆ ಕೈ ತನ್ನ ಪಾಡಿಗೆ ತಾನು ಓಡಿತು. ಹೊಸಬಳ ಹಾಗೆ ನಿಧಾನ ಮಾಡಬೇಕಿತ್ತು, ಒಂದೆರಡು ಕಡೆ ತಪ್ಪಬೇಕಿತ್ತು. ಅದು ಅವಳಿಗೆ ಹೊಳೆಯಲೇ ಇಲ್ಲ.

ಮೊಳ ಮುಗಿಯಿತು. ಅಂಜನಕುಮಾರ್ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಚೀಲದಿಂದ ಒಂದು ಸೀರೆ ತೆಗೆದು ಪಕ್ಕಕ್ಕೆ ಹಾಸಿದ. ನಲವತ್ತೇಳನೇ ನಂಬರಿನಿಂದ ಹೋದ ವರ್ಷ ಸಂಘಕ್ಕೆ ಹೋದ ಸೀರೆ.

"ಚಿಗವ್ವಾ, ನೀವು ಎಡಚಿ. ನೀವು ಎಳಿ ಬಡಿಯೋ ಪೆಟ್ಟು ಎಡಕ್ಕ ಬಿಗಿ. ಈ ಸೀರಿನೂ ಎಡಕ್ಕ ಬಿಗಿ ಐತಿ. ಕಾಕಾ ಬಲಗೈಯವರು. ಇದನ್ನ ನೇಯ್ದವರು ಯಾರ್ರಿ?"

ನಾನೇ ಅಂದರೆ ನಾಲ್ಕು ವರ್ಷದ ನಂಬರು ಸುಳ್ಳಾಗುತ್ತದೆ, ಇವತ್ತಿನ ಮೊಳವೂ ಅದರ ಜೊತೆ ಹೋಗುತ್ತದೆ. ಎಂಕಮ್ಮ ಸೀರೆಯನ್ನೇ ನೋಡಿದಳು.

ಹನುಮಮ್ಮ ಅಂಚಿನ ಲಾಳಿ ಕೆಳಗಿಟ್ಟಳು. "ಬಲಗೈ ಬಿದ್ದ ಮ್ಯಾಲ ಮಾರ್ಕಂಡೇಯಣ್ಣ ಎಡಗೈಲೆ ಬಡೀತಿದ್ನಲ್ರೀ. ನನ್ನ ಮನಿ ಗ್ವಾಡಿ ಇವರ ಮಗ್ಗಕ್ಕ ಹತ್ತಿಕೊಂಡ ಐತಿ. ನಾಕು ವರ್ಷ ಅದ ಸಪ್ಪಳ ಕೇಳಿ ಎದ್ದೀನಿ. ಹೆಣ್ಣಿನ ಕೈನೋ ಗಂಡಿನ ಕೈನೋ ನನಗ ತಿಳಿಯಂಗಿಲ್ಲೇನು?"

"ನಿಮ್ಮನ್ನ ಕೇಳಲಿಲ್ರಿ. ಚಿಗವ್ವಾ, ನೀವು ಹೇಳ್ರಿ."

ನಾಲ್ಕು ವರ್ಷ. ಆ ಸೀರೆಯ ಒಂದೊಂದು ಹೂವೂ ಅವಳಿಗೆ ಗೊತ್ತಿತ್ತು. ಸೆರಗಿನ ಆ ಹಂಸವನ್ನು ಮೈಯಲ್ಲಿ ಜ್ವರ ಇಟ್ಟುಕೊಂಡು ನೇಯ್ದಿದ್ದಳು. ನೇಕಾರಳು ಅಂತ ಯಾರಾದರೂ ಒಂದು ಸಲ ಅನ್ನಲಿ ಅಂತ ಎಷ್ಟು ಆಸೆಪಟ್ಟಿದ್ದಳು.

"ಅವರ," ಅಂದಳು. "ಅವರ ನೇಯ್ದದ್ದು. ನಾ ಬಾಜೂಕ ಕುಂತಿದ್ದೆ."

ಇನ್ನೊಬ್ಬ ಡೈರೆಕ್ಟರು ಸಾಕು ಬಿಡ್ರಿ ಅಂದ. ಚೀಟಿಗೆ ಸಹಿ ಬಿತ್ತು. ನಲವತ್ತೇಳರ ಮುಂದೆ ಎಂಕಮ್ಮನ ಹೆಸರು ಬರೆದರು, ಇವತ್ತಿನಿಂದ ನೇಕಾರಳು ಅಂತ. ಹಿಂದಿನದೆಲ್ಲ ಸತ್ತವನ ಹೆಸರಿನಲ್ಲೇ ಉಳಿಯಿತು.

ಆವತ್ತು ಅವಳು ಉಣ್ಣಲಿಲ್ಲ. ಹನುಮಮ್ಮನಿಗೆ ಎಲ್ಲ ಗೊತ್ತು. ನಾಲ್ಕು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ಬಾಯಿ ಬಿಡದವರು ಯಾವತ್ತಾದರೂ ಏನಾದರೂ ಕೇಳುತ್ತಾರೆ.

ಚುನಾವಣೆಯ ದಿನ ಎಂಕಮ್ಮ ಹೋಗಿ ನರೇಂದ್ರನಿಗೆ ಓಟು ಹಾಕಿದಳು. ಬಾಕಿ ತೀರಲಿ ಅಂತ. ಹೊರಗೆ ಬಂದು ಹನುಮಮ್ಮನಿಗೆ ಹೇಳಿದಳು, "ನಿಮ್ಮಣ್ಣಗ ಹಾಕೀನಿ. ಸಾಕಾತಲ್ಲ?"

ಹನುಮಮ್ಮ ಹಣೆ ಬಡಿದುಕೊಂಡಳು. "ಅಂವಗ್ಯಾಕ ಹಾಕ್ದಿ ಬೇ? ನಮ್ಮವ್ವ ಸತ್ತಾಗಿಂದ ಅಂವನ ಕೂಡ ನನ್ನ ಮಾತಿಲ್ಲ. ನನಗ ಓಟಿದ್ರೂ ನಾ ಹಾಕ್ತಿದ್ದಿಲ್ಲ."

ನರೇಂದ್ರ ಸೋತ. ಅಂಜನಕುಮಾರನೇ ಮತ್ತೆ ಅಧ್ಯಕ್ಷನಾದ.

"ಮತ್ಯಾಕ ಬಂದು ಕುಂತಿ ಅವತ್ತು?" ಎಂಕಮ್ಮ ಒಂದು ದಿನ ಕೇಳಿದಳು.

"ಗ್ವಾಡಿ ಆಚಿ ಸಪ್ಪಳ ನಿಂತಾಗಿಂದ ನನಗ ನಿದ್ದಿ ಬಂದಿದ್ದಿಲ್ಲ," ಅಂದಳು ಹನುಮಮ್ಮ.

ಇದೂ ಒಂದು ಕಾರಣವೇ? ಎಂಕಮ್ಮನಿಗೆ ನಂಬಿಕೆ ಬರಲಿಲ್ಲ. ಈಗಲೂ ಬಂದಿಲ್ಲ. ಹನುಮಮ್ಮ ದಿನಾ ಬಂದು ಪಕ್ಕದಲ್ಲಿ ಕೂರುತ್ತಾಳೆ. ಇಬ್ಬರೂ ನೇಯುತ್ತಾರೆ. ಅವಳು ಏನಾದರೂ ಕೇಳಲಿ ಅಂತ ಎಂಕಮ್ಮ ಕಾಯುತ್ತಾಳೆ. ಅವಳು ಕೇಳುವುದಿಲ್ಲ.

ಅವಳು ಬರುವುದಕ್ಕೆ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ಎಂಕಮ್ಮ ತಾನಿಳಿಯುವ ಕುಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಾಳೆ, ಚೇಳು ಗೀಳು ಇದ್ದೀತು ಅಂತ. ಮೋಟು ಕಸಬರಿಗೆಯಿಂದ ಮೂಲೆ ಮೂಲೆ ಗುಡಿಸುತ್ತಾಳೆ. ಆಮೇಲೆ ಎಳೆ ಒಣಗದಿರಲಿ ಅಂತ ಕುಣಿಯ ಮಣ್ಣಿನ ಗೋಡೆಗೆ ಒಂದು ತಂಬಿಗೆ ನೀರು ಚಿಮುಕಿಸುತ್ತಾಳೆ.