ನೀರುಹಾವಿಗೆ ತೆತ್ತ ಅಂಗಡಿ

ಇವತ್ತು ಬೆಳಿಗ್ಗೆ ಒಂದು ನೀರುಹಾವನ್ನು ಬಿಡಿಸಲು ಬಾವಿಯ ಮೇಲಿನ ಹೊಸ ಬಲೆಯನ್ನೇ ಕತ್ತರಿಸಿಬಿಟ್ಟೆ. ಎಲೆ ಬೀಳದಿರಲೆಂದು ಕೆ.ಆರ್. ಪೇಟೆ ಸಂತೆಯಲ್ಲಿ, ಮಾರುವವನ ಗಂಟಲು ಒಣಗುವವರೆಗೆ ಚೌಕಾಸಿ ಮಾಡಿ ತಂದಿದ್ದ ಬಲೆ. ದುಬಾರಿಯಾಯಿತು ಎನ್ನಬೇಡಿ. ಹಿಂದೊಮ್ಮೆ ಇದೇ ಬಾವಿಯ, ಇದೇ ಜಾತಿಯ ಹಾವಿಗೆ ನಾನು ಪಾಂಡವಪುರದ ಒಂದು ಅಂಗಡಿಯನ್ನೇ ತೆತ್ತಿದ್ದೇನೆ.

ಆಗ ನನಗೆ ಮೋಟಾರು ರಿಪೇರಿ ಅಂಗಡಿ ಇಡುವ ಹುಚ್ಚು. ಮಳಿಗೆಯೂ ಗೊತ್ತಾಗಿತ್ತು, ಅಕ್ಕಿಹೆಬ್ಬಾಳಿನ ಈ ಬಾವಿ ಜಮೀನು ಮಾರಿದರೆ ಅದು ನನ್ನದು. ಕ್ಯಾತನಹಳ್ಳಿಯ ಕಬ್ಬಿನ ಕುಳ ನಿಂಗೇಗೌಡರು ಕೊಳ್ಳಲು ಬಂದರು. ಮಣ್ಣು ಮೂಸಿ ನೋಡಿದರು, ದರವೂ ಕುದುರಿತು. ಕೊನೆಗೆ, ಯಾರೂ ಕೇಳದಿದ್ದರೂ, ಬಾವಿ ತೋರಿಸಿದೆ. ಅಲ್ಲೇ ಕೆಟ್ಟೆ. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದ ಹಾವು ನಮ್ಮನ್ನು ಕಂಡದ್ದೇ ಕತ್ತನ್ನು ಹೆಡೆಯಂತೆ ಚಪ್ಪಟೆ ಮಾಡಿಕೊಂಡು ಎದ್ದಿತು. ಗೌಡರು ಚಪ್ಪಲಿ ಬಿಟ್ಟು ಕೈಮುಗಿದರು.

“ನಾಗಪ್ಪ ಕಣ್ಲಾ! ಎಡೆ ಎತ್ತವ್ನೆ!”

“ನೀರಾವು ಗೌಡ್ರೇ. ಎದ್ರುಕಂಡಾಗ ಅಂಗೆ ನಾಟ್ಕ ಆಡ್ತದೆ.”

ಮೈಮೇಲೆ ಚೌಕಾಬಾರದ ಮನೆಗಳಂಥ ಕಪ್ಪು ಚೌಕ, ಕಣ್ಣ ಕೆಳಗೆ ಎರಡು ಕಪ್ಪು ಗೆರೆ, ಊಟಕ್ಕೆ ಮೀನು ಕಪ್ಪೆ, ವಿಷ ತೊಟ್ಟೂ ಇಲ್ಲ ಎಂದು ಪಾಠ ಮಾಡಿದೆ. ಗೌಡರು ಜಗ್ಗಲಿಲ್ಲ. ವ್ಯಾಪಾರ ಕೈತಪ್ಪೀತೆಂದು ನಾನು ಬಾಲ ಹಿಡಿದು ಎತ್ತಿದೆ. ವಿಷವಿಲ್ಲ ಎಂದರೆ ಹಲ್ಲಿಲ್ಲ ಎಂದಲ್ಲ. ಕಚ್ಚಿದ ರಭಸಕ್ಕೆ ರಕ್ತ ಮೊಣಕೈವರೆಗೆ ಇಳಿಯಿತು.

“ನೋಡಿ, ನಾನು ಸತ್ನಾ?” ಅಂದೆ.

“ತಡಿಲಾ, ಇನ್ನೂ ಒತ್ತಾಗಿಲ್ಲ,” ಎಂದು ಗೌಡರು ಬಾವಿಕಟ್ಟೆಯ ಮೇಲೆ ಕೂತು ಎಲೆಅಡಿಕೆ ತೆಗೆದರು.

ಎಲೆಅಡಿಕೆ ಮುಗಿಯಿತು, ನಾನು ಸಾಯಲಿಲ್ಲ. ಗೆದ್ದೆ ಅಂದುಕೊಂಡೆ. ಗೌಡರು ಎದ್ದು ನನಗೂ ಕೈಮುಗಿದರು.

“ನಾಗಪ್ಪ ಕಚ್ಚಿದ್ರೂ ನಿನ್ನ ಉಳ್ಸವ್ನೆ ಅಂದ್ರೆ ನೀನು ಅವ್ನ ಮನೆಯೋನು ಕಣ್ಲಾ. ನಿನ್ನ ಎಬ್ಬಿಸ್ಬುಟ್ಟು ನಾನು ಬಂದು ಕುಂತ್ರೆ ನನ್ನ ಬುಟ್ಟಾನಾ?”

ಮಳಿಗೆ ಬೇರೆಯವರ ಪಾಲಾಯಿತು. ನಾನು ಇಲ್ಲೇ ಉಳಿದೆ. ಬಾವಿ ಬತ್ತಲಿಲ್ಲ, ಹಾವಿನ ಸಂತತಿಯೂ ಬತ್ತಲಿಲ್ಲ. ಈಗ ಪ್ರತಿ ಷಷ್ಠಿಗೂ ಗೌಡರು ಹುಂಜ ಹಿಡಿದುಕೊಂಡು ಬಂದು ನಮ್ಮ ಬದುವಿನ ಹುತ್ತಕ್ಕೆ ಹಾಲಿನ ತನಿ ಎರೆದು ಅದನ್ನು ಕೊಯ್ಯುತ್ತಾರೆ. ಆಮೇಲಿನ ಸಾರಿನಲ್ಲಿ ದೊಡ್ಡ ಪಾಲು ನನ್ನದು. ಅದು ನೀರುಹಾವು ಎಂದು ನಾನೀಗ ಬಾಯಿ ಬಿಡುವುದಿಲ್ಲ.

ಆದ್ದರಿಂದ ಕೇಳಿ. ಹಾವು ಬಲೆಗೆ ಸಿಕ್ಕರೆ ಎಳೆಯಬೇಡಿ, ಬಲ್ಲವರನ್ನು ಕರೆಸಿ ಬಲೆ ಕತ್ತರಿಸಿ. ಬಲೆ ಇನ್ನೊಂದು ಸಿಗುತ್ತದೆ. ನನ್ನ ಹಾಗೆ ಕೈಯಂತೂ ಹಾಕಬೇಡಿ. ಜಮೀನು ಕೊಳ್ಳಲು ಬಂದವರು ಯಾವುದಕ್ಕಾದರೂ ಕೈಮುಗಿದರೆ ನೀವೂ ಪಕ್ಕದಲ್ಲೇ ನಿಂತು ಮುಗಿಯಿರಿ. ಹಾವು ಯಾವ ಜಾತಿಯದೆಂದು ಮುಂಗಡ ಕೈಗೆ ಬಂದ ಮೇಲೆ ಹೇಳಿದರಾಯಿತು.